ಐದನೆಯ ಚಕ್ರ, ಒಂದು ಗಡಿಗೆ ಮೊಸರು

ಕುವೈತಿನಲ್ಲಿ ಚಳಿಗಾಲ ಬಂದದ್ದು ಮೊದಲು ಗೊತ್ತಾಗುವುದು ಕಿವಿಗೆ. ಏಳೆಂಟು ತಿಂಗಳು ಹಗಲಿರುಳು ಗುಂಯ್ ಎನ್ನುತ್ತಿದ್ದ ಏಸಿಗಳು ಒಂದು ಬೆಳಗ್ಗೆ ಒಂದೊಂದಾಗಿ ಬಾಯಿ ಮುಚ್ಚುತ್ತವೆ. ಅಷ್ಟು ದಿನ ಎಲ್ಲಿ ಅಡಗಿದ್ದವೋ, ಪಾರಿವಾಳದ ರೆಕ್ಕೆಯ ಸದ್ದು, ಪಕ್ಕದ ಮನೆಯ ಚಮಚದ ಸದ್ದು, ಕೆಳಗಿನ ಬೀದಿಯಲ್ಲಿ ಯಾರೋ ಗಂಟಲು ಸರಿಮಾಡಿಕೊಳ್ಳುವ ಸದ್ದು, ಎಲ್ಲ ಒಟ್ಟಿಗೆ ಮನೆಯೊಳಗೆ ಬರುತ್ತವೆ. ಅಂಥದ್ದೇ ಒಂದು ಬೆಳಗ್ಗೆ ನಮ್ಮ ಯಜಮಾನರು ಫೋನ್ ಮಾಡಿ, ಅಂಗಳದಲ್ಲಿ ಒಂದು ಮನೆ ಬಂದು ನಿಂತಿದೆ, ಬಂದು ನೋಡು ಎಂದರು.

ಯಜಮಾನರು ಎಂದರೆ ನನಗೆ ಕೆಲಸ ಕೊಟ್ಟ ಕುವೈತಿ. ಕಾಗದದಲ್ಲಿ ಅವರು ನನ್ನ ಕಫೀಲ್. ಆದರೆ ಇಪ್ಪತ್ತೆರಡು ವರ್ಷ ಒಬ್ಬರ ಉಪ್ಪು ತಿಂದ ಮೇಲೆ ಕಾಗದದ ಹೆಸರು ಬಾಯಿಗೆ ಬರುವುದಿಲ್ಲ, ನಮ್ಮೂರಿನ ಮಾತೇ ಬರುತ್ತದೆ. ಮಿರ್ಕಾಬಿನ ಆಫೀಸಿನಲ್ಲಿ ಕೂತು ಅವರ ಕಂಪನಿಯ ಗಾಡಿಗಳ ಯೋಗಕ್ಷೇಮ ನೋಡಿಕೊಳ್ಳುವುದು ನನ್ನ ಕೆಲಸ. ಯಾವುದಕ್ಕೆ ಎಣ್ಣೆ ಬದಲಾಯಿಸಬೇಕು, ಯಾವುದರ ಟಯರು ಸವೆದಿದೆ, ಯಾವುದು ಸುಮ್ಮನೆ ಮುನಿಸಿಕೊಂಡಿದೆ ಎಂದು ನೋಡುತ್ತ ನೋಡುತ್ತ ತಲೆ ನರೆಯಿತು.

ಹೋಗಿ ನೋಡಿದರೆ ಅದು ಮನೆಯೇ. ಕಿಟಕಿಗೆ ಪರದೆ, ಬಾಗಿಲಿಗೆ ಮೂರು ಮೆಟ್ಟಿಲು, ಒಳಗೆ ಅಡುಗೆ ಕಟ್ಟೆ, ಬಚ್ಚಲು, ಎತ್ತರದಲ್ಲೊಂದು ಮಲಗುವ ಕೋಣೆ. ಯಾರದೋ ಕೈಯಿಂದ ಕೊಂಡು ತಂದ ಕಾರವಾನ್. ಬೇರೆ ಕಾರವಾನ್‌ಗಳ ಹಾಗೆ ಇದರ ಮೂಗು ನೆಲದ ಹತ್ತಿರ ಇರಲಿಲ್ಲ. ಹಂಸ ಕತ್ತೆತ್ತಿದ ಹಾಗೆ ಮುಂಭಾಗ ಮೇಲಕ್ಕೆದ್ದು ಗಾಳಿಯಲ್ಲಿ ಚಾಚಿಕೊಂಡಿತ್ತು. ಆ ಕತ್ತಿನ ಅಡಿಯಿಂದ ನನ್ನ ಎರಡು ಹೆಬ್ಬೆರಳು ಸೇರಿದಷ್ಟು ದಪ್ಪದ ಒಂದು ಉಕ್ಕಿನ ಗೂಟ ಕೆಳಮುಖವಾಗಿ ಇಳಿಬಿದ್ದಿತ್ತು. ಗೂಟ ಇದೆ, ಅದು ಹೋಗಿ ಕೂರುವ ಜಾಗ ಇಲ್ಲ. ಆ ಜಾಗವನ್ನು ನಾನು ಅವರ ಪಿಕಪ್ಪಿನಲ್ಲಿ ಮಾಡಿಕೊಡಬೇಕಾಗಿತ್ತು.

ಇದೆಲ್ಲ ಯಾರಿಗಾಗಿ ಎಂದು ಕೇಳುವ ಅಗತ್ಯವಿರಲಿಲ್ಲ. ಯಜಮಾನರ ತಾಯಿ ಅಂಗಳದ ಆ ತುದಿಯಲ್ಲಿ, ಗಾಲಿಕುರ್ಚಿಯಲ್ಲಿ, ಮುಖ ಗೇಟಿನ ಕಡೆಗೆ ಮಾಡಿಕೊಂಡು ಕೂತಿದ್ದರು. ನಾವೆಲ್ಲ ಅವರನ್ನು ಯುಮ್ಮಾ ಎನ್ನುತ್ತೇವೆ. ಇಲ್ಲಿನ ಮಾತಿನಲ್ಲಿ ಅಮ್ಮ. ಎಂಬತ್ತು ದಾಟಿದ ಜೀವ. ಹುಟ್ಟಿದ್ದು ತೆಂಕಣ ಮರುಭೂಮಿಯ ಒಂದು ಡೇರೆಯಲ್ಲಿ. ಪ್ರತಿ ಚಳಿಗಾಲ ಮನೆಯವರೆಲ್ಲ ವಫ್ರಾದ ದಾರಿಯಲ್ಲಿ ಮರಳಿನ ನಡುವೆ ಡೇರೆ ಹಾಕಿ ವಾರಗಟ್ಟಲೆ ಇರುತ್ತಿದ್ದರು. ಎರಡು ವರ್ಷದ ಹಿಂದೆ ಯುಮ್ಮಾ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಕಳೆದ ವರ್ಷ, ಹಿಂಬದಿಯ ಉಕ್ಕಿನ ಉಂಡೆಗೆ ಸಿಕ್ಕಿಸುವ ಹಳೇ ಕಾರವಾನನ್ನು ಪಿಕಪ್ಪಿಗೆ ಕಟ್ಟಿ, ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಹೊರಟಿದ್ದರಂತೆ. ಹಿಂದಿನ ಭಾರ ಜಗ್ಗಿದಾಗಲೆಲ್ಲ ಗಾಡಿ ಹಿಂದೆ ಮುಂದೆ ತೊನೆದಿದೆ. ಅರ್ಧ ದಾರಿಯಲ್ಲಿ ಯುಮ್ಮಾ ಕೈ ಎತ್ತಿದರಂತೆ. ಬಾಯಲ್ಲಿ ನೋವು ಎನ್ನಲಿಲ್ಲ. ಖಲಾಸ್ ಎಂದರು, ಅಷ್ಟೆ. ವಾಪಸು ಬಂದರು. ಆಮೇಲೆ ಆ ಬಾಯಲ್ಲಿ ಮರುಭೂಮಿಯ ಸುದ್ದಿಯೇ ಬರಲಿಲ್ಲ. ಆದರೆ ದಿನಾ ಸಂಜೆ ಕುರ್ಚಿಯನ್ನು ಗೇಟಿನ ಹತ್ತಿರ, ತೆಂಕಣ ಗಾಳಿ ಬರುವ ಸಂದಿನ ಎದುರಿಗೆ ತಳ್ಳಿಸಿಕೊಳ್ಳುವುದು ಮಾತ್ರ ನಿಲ್ಲಲಿಲ್ಲ.

ಕುಲುಕಾಟ ಇಲ್ಲದಿದ್ದರೆ ಹೋಗಬಹುದು ಎಂದಿದ್ದರು ಡಾಕ್ಟರು. ಮಗನಿಗೆ ಅಷ್ಟು ಸಾಕಾಯಿತು. ಭಾರ ಪಿಕಪ್ಪಿನ ಬಾಲದಲ್ಲಿರದೆ ಬೆನ್ನ ಮೇಲೆ ಕೂತರೆ ಜಗ್ಗಾಟ ಇರುವುದಿಲ್ಲ ಎಂದು ಯಾರೋ ಹೇಳಿದ್ದರಿಂದ ಈ ಕತ್ತೆತ್ತಿದ ಕಾರವಾನ್ ಬಂತು. ಯುಮ್ಮಾ ಅದನ್ನು ಒಂದು ಸಲ ನೋಡಿ ಮುಖ ತಿರುಗಿಸಿಕೊಂಡರಂತೆ. ಯಜಮಾನರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದು ಇಷ್ಟೆ: ನೀನು ಕಟ್ಟಿಕೊಡು, ಅವರನ್ನು ಒಪ್ಪಿಸುವುದು ನನಗೆ ಬಿಡು. ಆದರೆ ಹೇಳುವಾಗ ಅವರ ಕಣ್ಣು ನೆಲ ನೋಡುತ್ತಿತ್ತು. ಒಪ್ಪಿಸುವ ದಾರಿ ಅವರಿಗೂ ಗೊತ್ತಿರಲಿಲ್ಲ.

ಈಗ ನನ್ನ ತಾತನ ಮಾತು ಹೇಳಬೇಕು. ಹೇಳದಿದ್ದರೆ ನಾನು ಮಾಡಿದ ತಪ್ಪು ನಿಮಗೆ ಅರ್ಥವಾಗುವುದಿಲ್ಲ.

ನಮ್ಮದು ಮಂಡ್ಯದ ಕಡೆ. ತಾತ ಎತ್ತಿನ ಗಾಡಿ ಹೊಡೆಯುತ್ತಿದ್ದರು. ಕಬ್ಬು, ಇಟ್ಟಿಗೆ, ಮದುವೆ ದಿಬ್ಬಣ, ಏನು ಸಿಕ್ಕರೆ ಅದು. ನನಗೆ ಮಾತು ಬಂದದ್ದೇ ಅವರ ಗಾಡಿಯ ಮೂಕಿಯ ಮೇಲೆ ಕೂತು. ಗಾಡಿ ತುಂಬುವುದು ಅವರಿಗೆ ಒಂದು ಪೂಜೆ. ಹೊರೆ ಒಂದಿಷ್ಟು ಮುಂದಾದರೆ ಮುಂಭಾರ, ಎತ್ತಿನ ಹೆಗಲು ಹುಣ್ಣು. ಹಿಂದಾದರೆ ಹಿಂಭಾರ, ನೊಗ ಮೇಲೆದ್ದು ಎತ್ತಿನ ಕೊರಳಿಗೆ ಹಗ್ಗ ಬಿಗಿ. ಅಚ್ಚಿನ ಮೇಲೆ ಹೊರೆ ತೂಗಿ, ಕೂದಲಷ್ಟು ಮುಂದಕ್ಕೆ ವಾಲಬೇಕು. ಅದು ಸರಿಯಾಯಿತೋ ಇಲ್ಲವೋ ಹೇಳುತ್ತಿದ್ದದ್ದು ಅಜ್ಜಿ. ಮಗಳ ಮನೆಗೆ ಹೋಗುವಾಗ ಅಜ್ಜಿ ಹೆಪ್ಪು ಹಾಕಿದ ಮೊಸರಿನ ಗಡಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡು ಗಾಡಿ ಹತ್ತುತ್ತಿದ್ದರು. ಇಳಿದ ಮೇಲೆ ಮುಚ್ಚಿದ ಬಾಳೆಲೆ ತೆಗೆದು ನೋಡಿದಾಗ ಮೊಸರು ಹಾಗೇ ಗಟ್ಟಿಯಾಗಿದ್ದರೆ ತಾತನಿಗೆ ಒಂದು ನಗು ಸಿಗುತ್ತಿತ್ತು. ಕದಡಿ ನೀರು ಬಿಟ್ಟಿದ್ದರೆ ಆ ದಿನವೆಲ್ಲ ಅವರಿಗೆ ಮಾತು ಸಿಗುತ್ತಿತ್ತು. ಗಾಡಿ ಹೊಡೆಯೋನ ಯೋಗ್ಯತೆ ಹೆಂಡ್ತಿ ಮಡಿಲ ಗಡಿಗೇಲಿ ಕಾಣುತ್ತೆ ಅನ್ನುತ್ತಿದ್ದರು ಅಜ್ಜಿ.

ಇಂಥ ಮನೆಯವನು ನಾನು, ಭಾರ ತೂಗುವುದು ನನಗೆ ಹೇಳಿಕೊಡಬೇಕೇ ಎಂಬ ಗರ್ವ ನನ್ನೊಳಗೆ ಎಲ್ಲೋ ಕಾಲು ಚಾಚಿ ಮಲಗಿತ್ತು.

ಶುವೈಖಿನ ಗ್ಯಾರೇಜುಗಳ ಸಾಲಿನಲ್ಲಿ ನನಗೆ ಬೇಕಾದ ಒಬ್ಬ ಮೆಕ್ಯಾನಿಕ್ ಇದ್ದಾರೆ. ಉಡುಪಿ ಕಡೆಯವರು, ಮನೆಮಾತು ತುಳು, ನನಗಿಂತ ಐದಾರು ವರ್ಷ ದೊಡ್ಡವರು. ನಾನು ಅಣ್ಣ ಎನ್ನುತ್ತೇನೆ. ಅವರು ನನ್ನನ್ನು ಮಾರಾಯ್ರೆ ಎನ್ನುತ್ತಾರೆ. ಅಂದರೆ ಸಿಟ್ಟು ಬಂದಾಗಲೂ ಪ್ರೀತಿ ಬಂದಾಗಲೂ ಅದೇ ಮಾತು, ಯಾವುದು ಎಂದು ದನಿಯಿಂದ ತಿಳಿದುಕೊಳ್ಳಬೇಕು. ಅವರನ್ನು ಕರೆದುಕೊಂಡು ಬಿಡಿಭಾಗದ ದೊಡ್ಡ ಅಂಗಡಿಗೆ ಹೋದೆ. ಮಧ್ಯಾಹ್ನದ ಹೊತ್ತು. ಹೊರಗೆ ತೆಳುವಾದ ಧೂಳು ಬಿಸಿಲನ್ನು ಹಾಲಿನ ಹಾಗೆ ಮಾಡಿತ್ತು. ಅಂಗಡಿಯ ಹಿಂದಿನ ಕೋಣೆಯಲ್ಲಿ ಆ ಉಕ್ಕಿನ ತಟ್ಟೆಗಳು ಸಾಲಾಗಿ ನಿಂತಿದ್ದವು. ಒಂದೊಂದೂ ದೈತ್ಯ ಕುದುರೆಯ ಲಾಳದ ಹಾಗೆ, ಹಿಂದೆ ಬಾಯಿ ತೆರೆದು, ನಡುವೆ ದವಡೆ ಕಚ್ಚಿಕೊಂಡು. ಕಾರವಾನಿನ ಗೂಟ ಆ ಬಾಯಿಯಿಂದ ಜಾರಿಕೊಂಡು ಬಂದು ನಡುವೆ ಕೂತರೆ ದವಡೆ ಟಕ್ ಎಂದು ಮುಚ್ಚಿಕೊಳ್ಳುತ್ತದೆ. ಆಮೇಲೆ ಅದು ಬಿಡುವುದು ನಾವು ಹಿಡಿ ಎಳೆದಾಗ ಮಾತ್ರ. ಇದಕ್ಕೆ ಫಿಫ್ತ್ ವೀಲ್, ಐದನೆಯ ಚಕ್ರ ಎಂದು ಹೆಸರು. ಇದರಲ್ಲಿ ಚಕ್ರ ಎಲ್ಲಿದೆ ಅಣ್ಣ ಎಂದು ಕೇಳಿದೆ. ಹಿಂದಿನ ಕಾಲದ ಕುದುರೆ ಸಾರೋಟಿನಲ್ಲಿ ಮುಂದಿನ ಅಚ್ಚು ತಿರುಗಲಿ ಅಂತ ಅದರ ಮೇಲೆ ಒಂದು ಚಕ್ರವನ್ನು ಮಲಗಿಸಿ ಇಡುತ್ತಿದ್ದರಂತೆ. ನಾಲ್ಕು ಚಕ್ರ ಓಡುವುದಕ್ಕೆ, ಈ ಮಲಗಿದ ಚಕ್ರ ತಿರುಗುವುದಕ್ಕೆ. ಆ ಹೆಸರೇ ಉಳಿಯಿತು ಎಂದು ಅವರು ವಿವರಿಸಿದರು. ಓಡದೆ ಮಲಗಿದ ಚಕ್ರ ಎಂಬುದು ನನಗೆ ಎಷ್ಟು ಹಿಡಿಸಿತೆಂದರೆ, ಅವರು ಮುಂದೆ ಹೇಳಿದ್ದನ್ನು ನಾನು ಅರ್ಧ ಕಿವಿಯಲ್ಲಿ ಕೇಳಿದೆ.

ಮುಂದೆ ಹೇಳಿದ್ದೇ ಮುಖ್ಯವಾದ ಮಾತು. ಯಜಮಾನರ ಪಿಕಪ್ಪಿನಲ್ಲಿ ಎರಡು ಸಾಲು ಸೀಟು. ಹಾಗಾಗಿ ಹಿಂದಿನ ತೊಟ್ಟಿ ಗಿಡ್ಡ. ತೊಟ್ಟಿ ಉದ್ದವಿದ್ದರೆ ತಟ್ಟೆಯನ್ನು ಒಂದೇ ಜಾಗದಲ್ಲಿ ಕೂರಿಸಬಹುದು. ಗಿಡ್ಡ ಇದ್ದರೆ ಗಾಡಿ ತಿರುಗುವಾಗ ಕಾರವಾನಿನ ಮೂತಿ ಡ್ರೈವರ್ ಕೂರುವ ಕ್ಯಾಬಿಗೆ ತಾಗುತ್ತದೆ. ಅದಕ್ಕೆ ಹಿಂದೆ ಮುಂದೆ ಜಾರುವಂಥದ್ದು ಬರುತ್ತದೆ, ತುಸು ದೊಡ್ಡದು, ಕೀಲು ಹಳಿ ಎಲ್ಲ ಇರುವಂಥದ್ದು.

"ಜಾರುವಂಥದ್ದೇ ತಗೊಳ್ಳಿ ಮಾರಾಯ್ರೆ. ಸೀದಾ ಹೋಗುವಾಗ ಎಲ್ಲ ಸರಿ ಉಂಟು. ತಿರುಗುವಾಗ ಎಂತ ಮಾಡ್ತೀರಿ?"

ನಾನು ಆ ಎರಡನ್ನೂ ಕೈಯಿಂದ ಅಲ್ಲಾಡಿಸಿ ನೋಡಿದೆ. ಜಾರುವಂಥದ್ದು ಒಂದು ಎಳ್ಳಷ್ಟು ಕಟಕಟ ಎಂದಿತು. ಒಂದೇ ಜಾಗದಲ್ಲಿ ಕೂರುವಂಥದ್ದು ಕಲ್ಲಿನ ಹಾಗೆ ಸುಮ್ಮನಿತ್ತು. ನನ್ನ ಕಣ್ಣ ಮುಂದೆ ಯುಮ್ಮಾ ಕೈ ಎತ್ತಿದ ಚಿತ್ರ.

"ಕೀಲು ಜಾಸ್ತಿ ಆದಷ್ಟೂ ಕಟಕಟ ಜಾಸ್ತಿ ಅಣ್ಣ. ನಮ್ಮ ತಾತ ಹೇಳ್ತಿದ್ರು. ಇದೇ ಇರ್ಲಿ."

"ನಿಮ್ಮ ತಾತನಿಗೆ ಪಿಕಪ್ ಇತ್ತಾ?"

ಇರಲಿಲ್ಲ. ಆದರೂ ಕಲ್ಲಿನ ಹಾಗಿದ್ದುದನ್ನೇ ತಂದೆವು.

ಎರಡು ಶುಕ್ರವಾರ ಕೆಲಸ ನಡೆಯಿತು. ಅಣ್ಣನ ಷೆಡ್ಡಿನ ಹಿಂದೆ ತಗಡಿನ ಗೋಡೆಯ ಒಂದು ಅಂಗಳ. ನಾನು ತೊಟ್ಟಿಯೊಳಗೆ ಹತ್ತಿ ತಳಕ್ಕೆ ಹಾಸಿದ್ದ ಪ್ಲಾಸ್ಟಿಕ್ಕಿನ ಹೊದಿಕೆ ಕಿತ್ತೆ. ಅದರ ಮೇಲೆ ಕೂರಿಸಿದರೆ ದಿನಾ ಒತ್ತಿ ಒತ್ತಿ ಬೋಲ್ಟು ಸಡಿಲವಾಗುತ್ತದೆ, ಉಕ್ಕು ಉಕ್ಕನ್ನೇ ಮುಟ್ಟಬೇಕು. ಅಣ್ಣ ಗಾಡಿಯ ಅಡಿಗೆ ಹೋಗಿ ಮಲಗಿ, ಬ್ರೇಕಿನ ನಳಿಗೆ ಎಲ್ಲಿದೆ, ಪೆಟ್ರೋಲಿನದ್ದು ಎಲ್ಲಿದೆ, ವಯರು ಎಲ್ಲಿ ಓಡಿದೆ ಎಂದು ಬೆರಳಾಡಿಸಿ ನೋಡಿದರು. ಮೇಲಿಂದ ತೂತು ಕೊರೆಯುವವನಿಗೆ ಕೆಳಗಿನದು ಕಾಣುವುದಿಲ್ಲ. ಎಷ್ಟೋ ಜನ ಅವಸರದಲ್ಲಿ ತಮ್ಮದೇ ಬ್ರೇಕು ಕೊರೆದುಕೊಂಡಿದ್ದಾರಂತೆ. ಎರಡು ಉಕ್ಕಿನ ಪಟ್ಟಿಗಳನ್ನು ತೊಟ್ಟಿಗೆ ಅಡ್ಡಲಾಗಿ ಇಟ್ಟು, ತೂತಿಗೆ ಗುರುತು ಹಾಕುವ ಹೊತ್ತಿಗೆ ನಾನು ಮತ್ತೆ ಬಾಯಿ ಹಾಕಿದೆ. ತಟ್ಟೆಯ ನಡು ಹಿಂದಿನ ಅಚ್ಚಿನ ನೇರಕ್ಕೆ ಬರಬೇಕು, ಬೇಕಾದರೆ ಒಂದು ಬೆರಳು ಮುಂದೆ ಎಂದು ಅಣ್ಣ. ನಾನು ನಾಲ್ಕು ಬೆರಳು ಮುಂದಿರಲಿ ಎಂದೆ. ಮುಂಭಾರ ಒಂದಿಷ್ಟು ಇದ್ದರೆ ಗಾಡಿ ನೆಲ ಕಚ್ಚಿಕೊಂಡು ಹೋಗುತ್ತದೆ, ಕುಲುಕುವುದಿಲ್ಲ. ಅಣ್ಣ ನನ್ನ ಮುಖ ನೋಡಿದರು, ಗುರುತು ಹಾಕುವ ಸೀಮೆಸುಣ್ಣ ನೋಡಿದರು, ಆಮೇಲೆ ನಿಮ್ಮ ಯಜಮಾನರು, ನಿಮ್ಮ ಭಾರ ಎಂದು ಗೊಣಗಿ ಗುರುತು ಎಳೆದರು. ಕೊರೆದ ತೂತಿನ ಅಂಚಿಗೆಲ್ಲ ಬಣ್ಣ ಹಚ್ಚಿದೆವು. ಸಮುದ್ರದ ಗಾಳಿ ಇಲ್ಲಿ ಹಸಿ ಉಕ್ಕನ್ನು ಬಿಡುವುದಿಲ್ಲ. ಬೋಲ್ಟುಗಳನ್ನು ಅಣ್ಣ ತಮ್ಮ ಟಾರ್ಕ್ ಪಾನಾದಲ್ಲಿ ಬಿಗಿದರು. ಬೇಕಾದಷ್ಟು ಬಿಗಿಯಾದ ಕೂಡಲೇ ಅದು ಕಟ್ ಎನ್ನುತ್ತದೆ. ಆ ಅಂಗಳದ ಮೌನದಲ್ಲಿ ಒಂದೊಂದು ಕಟ್ ಕೂಡ, ದೂರದಲ್ಲಿ ಯಾರೋ ಲಟಿಕೆ ಮುರಿದ ಹಾಗೆ ಕೇಳುತ್ತಿತ್ತು.

ಕಾರವಾನ್ ತರಿಸಿ ಕೂಡಿಸಿದ ದಿನ ನನ್ನ ಹೆಂಡತಿ ಅರಿಶಿನ ಕುಂಕುಮ ಕಟ್ಟಿಕೊಟ್ಟಿದ್ದಳು. ಹೊಸ ಗಾಡಿ ಹೊರಡುವ ಮೊದಲು ಚಕ್ರದಡಿ ನಿಂಬೆಹಣ್ಣು ಇಡದೆ ನಮ್ಮ ಕೈಕಾಲು ಆಡುತ್ತದೆಯೇ? ಪಿಕಪ್ಪಿಗೆ ನಾಲ್ಕು, ಕಾರವಾನಿಗೆ ನಾಲ್ಕು. ಐದನೆಯ ಚಕ್ರ ಎಂತ ಪಾಪ ಮಾಡಿದೆ ಎಂದು ಅಣ್ಣ ಇನ್ನೊಂದನ್ನು ದಾರದಲ್ಲಿ ಪೋಣಿಸಿ ತಟ್ಟೆಯ ಹಿಡಿಗೆ ಕಟ್ಟಿದರು. ಪಕ್ಕದ ಷೆಡ್ಡಿನ ಪಠಾಣ ಬಣ್ಣಗಾರ ತಗಡಿನ ಮೇಲಿಂದ ಇಣುಕಿ, ಇಷ್ಟು ದೊಡ್ಡ ಯಂತ್ರದಲ್ಲಿ ಶರಬತ್ತು ಮಾಡುತ್ತೀರಾ ಭಾಯಿ ಎಂದು ಕೇಳಿದ.

ನಿಯಮದ ಪ್ರಕಾರ ಮೊದಲು ಕಾರವಾನಿನ ಬ್ರೇಕು ಹಿಡಿದು, ಪಿಕಪ್ಪನ್ನು ನೇರವಾಗಿ ಒಂದು ಸಲ ಜಗ್ಗಿ, ದವಡೆ ಕಚ್ಚಿದೆಯೋ ನೋಡಬೇಕು. ಆಮೇಲೆ ಇಷ್ಟಿಷ್ಟೇ ತಿರುಗಿಸಿ, ಒಬ್ಬರು ಇಳಿದು ಮೂತಿಗೂ ಕ್ಯಾಬಿಗೂ ಎಷ್ಟು ಸಂದಿದೆ ಅಳೆಯಬೇಕು. ಅಣ್ಣ ಅದನ್ನೇ ಹೇಳಿದರು. ಆದರೆ ನಿಂಬೆಹಣ್ಣಿನ ಮೇಲೆ ಹತ್ತಿದ ಗಾಡಿ ಹಿಂದಕ್ಕೆ ಹೋಗಬಾರದು, ನಿಲ್ಲಬಾರದು, ಬಲಕ್ಕೆ ತಿರುಗಿ ಒಂದು ಪ್ರದಕ್ಷಿಣೆ ಬರಬೇಕು. ಇದು ನಮ್ಮ ಮನೆಯ ನಿಯಮ. ಎರಡು ನಿಯಮಗಳಲ್ಲಿ ಯಾವುದು ದೊಡ್ಡದು ಎಂಬ ಪ್ರಶ್ನೆ ಬಂದಾಗ, ಕುಂಕುಮ ಹಿಡಿದವನ ಮಾತೇ ನಡೆಯಿತು. ಅಣ್ಣ ಸ್ಟೇರಿಂಗ್ ಹಿಡಿದರು. ನಾನು ಮುಂದೆ ನಿಂತು, ತಾತ ಎತ್ತುಗಳಿಗೆ ಕೈ ತೋರುತ್ತಿದ್ದ ಹಾಗೆ, ಬಲಕ್ಕೆ, ಇನ್ನೂ ಬಲಕ್ಕೆ ಎಂದು ಕೈ ತೋರಿದೆ. ಎಂಟು ನಿಂಬೆಹಣ್ಣು ಸದ್ದಿಲ್ಲದೆ ಅಪ್ಪಚ್ಚಿಯಾದವು. ಆ ಕಿರಿದಾದ ಅಂಗಳದಲ್ಲಿ ಪಿಕಪ್ಪು ಮೊಣಕೈ ಮಡಿಸಿದ ಹಾಗೆ ತಿರುಗಿತು. ಇಲ್ಲಿ ಡ್ರೈವರ್ ಕೂರುವುದು ಎಡಗಡೆ. ಬಲಗಡೆಯ ಹಿಂಬದಿ ಅವರಿಗೆ ಕಾಣದು. ನಾನಂತೂ ಮುಂದಿನ ಚಕ್ರಗಳನ್ನೇ ನೋಡುತ್ತಿದ್ದೆ.

ಸಕ್ಕರೆ ಚೀಲ ಹರಿದ ಹಾಗೆ ಒಂದು ಸದ್ದು. ಕ್ಯಾಬಿನ ಹಿಂದಿನ ಗಾಜು ಪೂರಾ ಪುಡಿಯಾಗಿ ಸೀಟಿನ ಮೇಲೆ ಸುರಿಯಿತು. ಕಾರವಾನಿನ ಬಲ ಮೂತಿ ಕ್ಯಾಬಿನೊಳಗೆ ಒಂದು ಗೇಣು ತಲೆ ಹಾಕಿ ನಿಂತಿತ್ತು, ಏನು ಮಾತಾಡುತ್ತಿದ್ದೀರಿ ಎಂದು ಕೇಳುವುದಕ್ಕೆ ಬಂದ ಹಾಗೆ.

ಅಣ್ಣ ಇಳಿದರು. ಬೈಯಲಿಲ್ಲ. ಅಂಗಿಯ ಕಾಲರಿನಿಂದ ಗಾಜಿನ ಹರಳು ಒಂದೊಂದೇ ತೆಗೆದು ಅಂಗೈಯಲ್ಲಿ ಇಟ್ಟುಕೊಂಡರು. "ಪ್ರದಕ್ಷಿಣೆ ಆಯ್ತಾ ಮಾರಾಯ್ರೆ?" ಎಂದರು.

ಗಾಜಿನ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಅಂಟಿಸಿಕೊಂಡು ಯಜಮಾನರ ಮನೆಗೆ ಪಿಕಪ್ ಒಯ್ದಾಗ ಸಂಜೆ. ಯುಮ್ಮಾ ಗೇಟಿನ ಹತ್ತಿರವೇ ಇದ್ದರು. ಆ ಹಾಳೆ ಗಾಳಿಗೆ ಉಬ್ಬಿ ಇಳಿಯುವುದನ್ನು ನೋಡಿ, ಇದೇನು ಎಂದು ಕೇಳಿದರು. ಸುಳ್ಳು ಹೇಳಬಹುದಿತ್ತು. ಆದರೆ ಆ ಕಣ್ಣಿನ ಎದುರು ನನಗೆ ಅಜ್ಜಿಯ ಗಡಿಗೆ ನೆನಪಾಯಿತು. ನನಗೆ ಬರುವ ಅರಬ್ಬಿಯಲ್ಲಿ ಎಲ್ಲವನ್ನೂ ಹೇಳಿದೆ. ಜಾರುವಂಥದ್ದು ಬೇಡವೆಂದದ್ದು, ನಾಲ್ಕು ಬೆರಳು ಮುಂದಿಟ್ಟದ್ದು, ನಿಂಬೆಹಣ್ಣು. ನಿಂಬೆಹಣ್ಣಿನ ಮಾತಿಗೆ ಯುಮ್ಮಾ ಒಂದಿಷ್ಟು ನಕ್ಕರು. ಆಮೇಲೆ ತಾವು ಚಿಕ್ಕವರಿದ್ದಾಗಿನ ಮಾತು ತೆಗೆದರು. ಡೇರೆ ಕಿತ್ತು ಹೊರಡುವ ದಿನ ಒಂಟೆಯ ಬೆನ್ನಿಗೆ ಹೆಂಗಸರ ಪಲ್ಲಕ್ಕಿ ಕಟ್ಟುತ್ತಿದ್ದರಂತೆ. ಕಟ್ಟಿದವನು ಎಷ್ಟು ದೊಡ್ಡ ಮನುಷ್ಯನಾದರೂ ಸರಿ, ಯುಮ್ಮಾರ ತಾಯಿ ಒಪ್ಪುತ್ತಿರಲಿಲ್ಲ. ಮೊದಲು ಅದರಲ್ಲಿ ನೀರಿನ ತೊಗಲುಚೀಲ ಇಟ್ಟು ಒಂಟೆಯನ್ನು ಒಂದು ಸುತ್ತು ನಡೆಸಿ, ಆಮೇಲೆ ಮಕ್ಕಳನ್ನು ಹತ್ತಿಸುತ್ತಿದ್ದರಂತೆ.

"ನನಗಾಗಿ ಇಷ್ಟು ಕಷ್ಟ ಪಡಬೇಡ ಮಗನೇ," ಎಂದರು ಕೊನೆಗೆ. "ನಾನು ಬರುವುದಿಲ್ಲ ಎಂದು ಹೇಳಿಯಾಗಿದೆ."

ಹೇಳಿದ್ದು ನನಗೆ. ಆದರೆ ಮುಖ ಇದ್ದದ್ದು ಗೇಟಿನ ಸಂದಿನ ಕಡೆಗೆ.

ಮರುದಿನವೇ ಅಣ್ಣನ ಬಳಿ ಹೋಗಿ, ಹೇಳಿದ ಹಾಗೆ ಕೇಳುತ್ತೇನೆ ಎಂದೆ. ಕಲ್ಲಿನಂಥದ್ದು ವಾಪಸು ಹೋಯಿತು, ಜಾರುವಂಥದ್ದು ಬಂತು. ನನ್ನ ನಾಲ್ಕು ಬೆರಳಿನ ತೂತುಗಳನ್ನು ಮುಚ್ಚಿ, ಬಣ್ಣ ಬಳಿದು, ಅಚ್ಚಿನ ನೇರಕ್ಕೆ ಹೊಸದಾಗಿ ಕೊರೆದೆವು. ಈ ಸಲ ಗಾಡಿಯ ಅಡಿಗೆ ಮಲಗಿ ನಳಿಗೆ ನೋಡಿದವನು ನಾನು, ಸೀಮೆಸುಣ್ಣ ಹಿಡಿದವರು ಅವರು. ಹೊಸ ಗಾಜು ಕೂತಿತು. ಬ್ರೇಕು ಹಿಡಿದು ನೇರವಾಗಿ ಜಗ್ಗಿ ನೋಡಿದೆವು, ದವಡೆ ಬಿಡಲಿಲ್ಲ. ಆಮೇಲೆ ತಿರುವು. ಕಾರವಾನಿನ ಮೂತಿ ಕ್ಯಾಬಿನ ಕಡೆಗೆ ಬರುತ್ತಿದ್ದ ಹಾಗೆ ತಟ್ಟೆ ತನ್ನ ಹಳಿಯ ಮೇಲೆ ಮೆಲ್ಲಗೆ ಹಿಂದಕ್ಕೆ ಸರಿಯಿತು. ಹಾದಿಯಲ್ಲಿ ಹಿರಿಯರು ಎದುರಾದರೆ ಸರಿದು ನಿಲ್ಲುತ್ತೇವಲ್ಲ, ಹಾಗೆ. ಗಾಡಿ ನೇರವಾದಾಗ ಮತ್ತೆ ಬಂದು ಅಚ್ಚಿನ ಮೇಲೆ ಕೂತಿತು. ನಾನು ಅದನ್ನೇ ಮೂರು ಸಲ ಮಾಡಿಸಿ ನೋಡಿದೆ. ಕಟಕಟ ಎನ್ನಲಿಲ್ಲವೇ ಎಂದರೆ, ಎಂದಿತು. ಎಳ್ಳಷ್ಟು.

ಆ ರಾತ್ರಿ ಮನೆಗೆ ಬಂದು ಹೆಂಡತಿಗೆ ಒಂದು ಗಡಿಗೆ ಮೊಸರು ಹೆಪ್ಪು ಹಾಕು ಎಂದೆ. ಊರಿನಿಂದ ಸೀರೆಯಲ್ಲಿ ಸುತ್ತಿ ತಂದ ಒಂದು ಮಣ್ಣಿನ ಕುಡಿಕೆ ಅವಳ ಬಳಿ ಇತ್ತು.

"ಯಾರಿಗ್ರೀ?"

"ಪಿಕಪ್ಪಿಗೆ."

ಅವಳು ನನ್ನನ್ನು ನೋಡಿದಳು. "ನಿಂಬೆಹಣ್ಣು ಆಯ್ತು, ಈಗ ಮೊಸರಾ? ಉಪ್ಪಿನಕಾಯಿ ಒಂದು ಬಾಕಿ." ಆದರೂ ಹಾಲು ಕಾಯಿಸಿದಳು.

ಬೆಳಗ್ಗೆ ಮೊಸರು ಕನ್ನಡಿಯ ಹಾಗೆ ಕೂತಿತ್ತು. ಗಡಿಗೆಯನ್ನು ಯುಮ್ಮಾ ಕೂರುವ ಮುಂದಿನ ಸೀಟಿನಲ್ಲೇ ಇಟ್ಟು, ಟವೆಲಿನಿಂದ ಸಿಂಬಿ ಮಾಡಿ, ಬೆಲ್ಟು ಹಾಕಿದೆ. ಅಣ್ಣ ಡ್ರೈವ್ ಮಾಡಿದರು. ನಾನು ಹಿಂದಿನ ಸೀಟಿನಲ್ಲಿ ಕೂತು ಗಡಿಗೆ ನೋಡುತ್ತ ಹೋದೆ. ಅಷ್ಟು ಹೊತ್ತು ನಾನು ಬೇರೇನನ್ನೂ ನೋಡಲಿಲ್ಲ ಎಂದರೆ ನಂಬಬೇಕು. ಹೊರಗೆ ಇಬ್ಬನಿ. ಎಡಗಡೆ ಮೀನಾ ಅಲ್ ಅಹ್ಮದಿಯ ತೈಲ ಕಾರ್ಖಾನೆಯ ಬೆಂಕಿಯ ನಾಲಿಗೆಗಳು ಇಬ್ಬನಿಯೊಳಗೆ ದೀಪದ ಹಾಗೆ ಬಂದು ದೀಪದ ಹಾಗೆ ಹೋದವು. ಅದನ್ನು ನಾನು ನೋಡಿದ್ದು ಮೊಸರಿನ ಮೇಲೆ ಸುಳಿದ ಕೇಸರಿ ಛಾಯೆಯಲ್ಲಿ. ರಸ್ತೆಯ ಉಬ್ಬು ಬಂದಾಗ ಮೊಸರಿನ ಮೈ ಒಮ್ಮೆ ಉಸಿರೆಳೆದು ಬಿಡುತ್ತಿತ್ತು. ಹಿಂದೆ ಒಂದು ಇಡೀ ಮನೆ ನಮ್ಮ ಬೆನ್ನು ಹತ್ತಿ ಬರುತ್ತಿದೆ ಎಂಬುದೇ ಮರೆತುಹೋಗಿತ್ತು. ಜಗ್ಗುವುದಿಲ್ಲ, ದೂಡುವುದಿಲ್ಲ. ನಿದ್ದೆ ಹೋದ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ನಡೆದ ಹಾಗೆ. ವಫ್ರಾದ ತರಕಾರಿ ತೋಟಗಳ ಬಿಳಿ ಚಪ್ಪರಗಳು ಕಂಡ ಮೇಲೆ ರಸ್ತೆ ಬಿಟ್ಟು ಮರಳಿನ ಹಾದಿಗೆ ಇಳಿದೆವು. ಡೇರೆ ಹಾಕುವ ಜಾಗದ ತನಕ ಹೋಗಿ, ಒಂದು ಸುತ್ತು ಬಂದು, ಅದೇ ದಾರಿಯಲ್ಲಿ ವಾಪಸು. ಅಣ್ಣ ದಾರಿಯಲ್ಲಿ ಕೇಳಿದ್ದು ಒಂದೇ ಮಾತು, ಅದೂ ನಾಲ್ಕೈದು ಸಲ: ಅಮ್ಮ ಹೇಗಿದ್ದಾರೆ? ಗಡಿಗೆಯನ್ನು ಅವರು ಅಮ್ಮ ಎಂದೇ ಕರೆಯತೊಡಗಿದ್ದರು.

ಆ ಗಡಿಗೆಗೆ ಮುಚ್ಚಳ ಹಾಕಿ ನೇರ ಯುಮ್ಮಾರ ಮುಂದೆ ತಂದು ಇಟ್ಟೆ. ನಾನು ಮುಚ್ಚಳ ತೆಗೆಯಲಿಲ್ಲ, ಅವರೇ ತೆಗೆಯಲಿ ಎಂದು ಕಾದೆ. ಯಜಮಾನರು ಬಾಗಿಲಲ್ಲಿ ನಿಂತಿದ್ದರು. ಎಲ್ಲಿಂದ ಎಲ್ಲಿಗೆ ಹೋಗಿ ಬಂತು, ಯಾವ ಸೀಟಿನಲ್ಲಿ ಕೂತಿತ್ತು ಎಂದು ಹೇಳಿದೆ. ಯುಮ್ಮಾ ಗಡಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಮುಚ್ಚಳ ಎತ್ತಿದರು. ಮೊಸರಿನ ಮೇಲೆ ಅಂಚಿನ ಹತ್ತಿರ ಕೂದಲಿನಂಥ ಒಂದೇ ಒಂದು ಬಿರುಕು. ಅದರಲ್ಲಿ ಒಂದು ಹನಿಯಷ್ಟು ನೀರು. ಅವರು ಗಡಿಗೆಯನ್ನು ಬೆಳಕಿಗೆ ವಾಲಿಸಿ ಆ ಬಿರುಕನ್ನು ಬಹಳ ಹೊತ್ತು ನೋಡಿದರು.

"ಇದು ಎಲ್ಲಿ ಆಯಿತು?"

"ಮರಳಿನ ಹಾದಿಯಲ್ಲಿ ಯುಮ್ಮಾ. ಸುತ್ತು ಬರುವಾಗ."

"ಬಾವಿಯ ಹತ್ತಿರದ ಇಳಿಜಾರಿನಲ್ಲಿ," ಎಂದರು ತಮ್ಮಷ್ಟಕ್ಕೆ. ಅಲ್ಲಿ ಬಾವಿ ಇದ್ದದ್ದು ನಮಗೆ ಯಾರಿಗೂ ಗೊತ್ತಿರಲಿಲ್ಲ. "ಅಲ್ಲಿ ಒಂಟೆಯೂ ಎಡವುತ್ತಿತ್ತು." ಬೆರಳಿನ ತುದಿಯಲ್ಲಿ ಮೊಸರು ಮುಟ್ಟಿ ಬಾಯಿಗೆ ಇಟ್ಟುಕೊಂಡರು. ಹುಳಿ ಸಾಲದು, ನಿನ್ನ ಹೆಂಡತಿಗೆ ಹೇಳು ಎಂದರು. ಆಮೇಲೆ ಮಗನ ಕಡೆ ತಿರುಗಿ, ಆ ಇಳಿಜಾರಿನಲ್ಲಿ ನಿಧಾನ ಹೋಗುವುದಾದರೆ ಶುಕ್ರವಾರ ಹೊರಡೋಣ ಎಂದರು. ಯಜಮಾನರು ಒಳಗೆ ಹೋಗಿಬಿಟ್ಟರು. ಚಹಾ ತರುತ್ತೇನೆ ಎಂದು ಹೋದವರು ಬರಿಗೈಯಲ್ಲಿ, ಮುಖ ತೊಳೆದುಕೊಂಡು ಬಂದರು.

ಶುಕ್ರವಾರ ಹೊರಡುವ ಮೊದಲು ಅಣ್ಣ ತಮ್ಮ ಟಾರ್ಕ್ ಪಾನಾ ತಂದು ನನ್ನ ಕೈಗಿಟ್ಟರು. ಅದನ್ನು ಅವರು ಯಾರಿಗೂ ಕೊಟ್ಟವರಲ್ಲ. ಭಾರ ಹೊತ್ತು ಒಂದೆರಡು ಪಯಣ ಮುಗಿಸಿದ ಮೇಲೆ ಬೋಲ್ಟುಗಳ ಬಿಗಿಯನ್ನು ಇನ್ನೊಮ್ಮೆ ನೋಡಬೇಕು. ಲೋಹಕ್ಕೂ ಹೊಸ ಜಾಗದಲ್ಲಿ ಮೈ ಹೊಂದಲು ಹೊತ್ತು ಬೇಕು. "ಕಟ್ ಅಂದ ಕೂಡಲೇ ನಿಲ್ಲಿಸಿ ಮಾರಾಯ್ರೆ. ಅಲ್ಲಿ ನಿಮ್ಮ ತಾತನ ಬಲ ತೋರಿಸಬೇಡಿ."

ದಾರಿಯ ಬಗ್ಗೆ ಹೇಳುವಂಥದ್ದು ಏನೂ ಇಲ್ಲ, ಅದೇ ಅದರ ಹೆಚ್ಚುಗಾರಿಕೆ. ಯಜಮಾನರು ಡ್ರೈವ್ ಮಾಡಿದರು. ಯುಮ್ಮಾ ಮುಂದಿನ ಸೀಟಿನಲ್ಲಿ, ನಾನು ಹಿಂದೆ. ಯುಮ್ಮಾರ ಕೈಯನ್ನೇ ನೋಡುತ್ತಿದ್ದೆ, ಎಲ್ಲಿ ಎತ್ತುತ್ತಾರೋ ಎಂದು. ಕೈ ತೊಡೆಯ ಮೇಲೆ ಮಲಗಿತ್ತು. ಬಾವಿಯ ಇಳಿಜಾರು ಬಂದಾಗ ಕೈ ಒಮ್ಮೆ ಎದ್ದಿತು. ನಾನು ಮುಂದಕ್ಕೆ ಬಾಗಿದೆ. ಅವರು ಕಿಟಕಿಯಾಚೆಗೆ ಬೆರಳು ತೋರಿಸುತ್ತಿದ್ದರು. ಅಲ್ಲಿ ಮಳೆ ಬಿದ್ದು ಹೋದ ಮೇಲೆ ಬರುವ ಆ ನಂಬಲಾಗದ ಹಸಿರು, ಮರಳಿನ ಮೇಲೆ ಯಾರೋ ಉಸಿರಿಟ್ಟ ಹಾಗೆ ಹರಡಿತ್ತು.

ಮಧ್ಯಾಹ್ನದ ಹೊತ್ತಿಗೆ ತಲುಪಿದೆವು. ಕಾರವಾನನ್ನು ಅದರದೇ ಉಕ್ಕಿನ ಕಾಲುಗಳ ಮೇಲೆ ನಿಲ್ಲಿಸಿದ ಕೂಡಲೇ ನಾನು ಪಾನಾ ಹಿಡಿದು ಪಿಕಪ್ಪಿನ ಅಡಿಗೆ ನುಸುಳಿದೆ. ಗಾಳಿ ಚಳಿ ಇದೆ, ಇವನ ಬೋಲ್ಟು ಮುಗಿಯುವ ತನಕ ಇಲ್ಲಿ ಕೂತಿರಿ, ಆಮೇಲೆ ಒಳಗೆ ಕರೆದೊಯ್ಯುತ್ತೇನೆ ಎಂದು ಯಜಮಾನರು ತಾಯಿಯ ಕುರ್ಚಿಯನ್ನು ಗಾಡಿಯ ಪಕ್ಕ ಬಿಸಿಲಿನಲ್ಲಿ ನಿಲ್ಲಿಸಿದರು. ನಾನು ಮಲಗಿದ್ದಲ್ಲಿಂದ ಎರಡು ಚಕ್ರಗಳ ನಡುವೆ ಒಂದು ಕಿಟಕಿಯಷ್ಟು ಜಗತ್ತು ಕಾಣುತ್ತಿತ್ತು: ಮರಳು, ಕುರ್ಚಿಯ ಗಾಲಿ, ಕುರ್ಚಿಯ ಕಾಲ್ಮಣೆಯ ಮೇಲೆ ಯುಮ್ಮಾರ ಬೂದು ಬಣ್ಣದ ಚಪ್ಪಲಿ. ಬೋಲ್ಟಿಗೆ ಪಾನಾ ಹಾಕಿ ತಿರುಗಿಸಿದೆ. ಕಟ್. ಇನ್ನೊಂದು. ಕಟ್. ಎಲ್ಲ ಇದ್ದ ಬಿಗಿಯಲ್ಲೇ ಇದ್ದವು, ಒಂದು ಮಾತ್ರ ಕೂದಲಷ್ಟು ಹೊರಳಿತು.

ಕೊನೆಯದು ಕಟ್ ಎಂದಾಗ, ಒಂದು ಚಪ್ಪಲಿ ಮರಳಿನ ಮೇಲೆ ಬಿತ್ತು. ಆಮೇಲೆ ಇನ್ನೊಂದು. ಗೋರಂಟಿ ಹಚ್ಚಿದ ಹಿಮ್ಮಡಿಯ ಎರಡು ಪಾದಗಳು ಕಾಲ್ಮಣೆಯಿಂದ ಮೆಲ್ಲಗೆ ಕೆಳಗಿಳಿದು, ನೆಲ ಇದೆಯೋ ಎಂದು ಹೆಬ್ಬೆರಳಿನಿಂದ ಮುಟ್ಟಿ ನೋಡಿ, ಮರಳಿನ ಮೇಲೆ ಕೂತವು. ಬೆರಳುಗಳು ಒಂದೊಂದಾಗಿ ಒಳಗೆ ಹೋದವು.

"ಮುಗಿಯಿತಾ ಮಗನೇ?" ಎಂದು ಮೇಲಿನಿಂದ ಕೇಳಿದರು.

ನಾನು ಪಾನಾವನ್ನು ಎದೆಯ ಮೇಲೆ ಇಟ್ಟುಕೊಂಡು ಹಾಗೇ ಮಲಗಿದೆ.

"ಇನ್ನೂ ಇದೆ ಯುಮ್ಮಾ," ಎಂದೆ. "ಹೊತ್ತು ಹಿಡಿಯುತ್ತದೆ."

"ಅವಸರವಿಲ್ಲ," ಎಂದರು ಯುಮ್ಮಾ.